ತೊಟ್ಟಿಯಣ್ಣನ ಹೆಬ್ಬೆಟ್ಟು

ಮೊನ್ನೆ ನನ್ನ ಹೊಲಿಗೆ ಅಂಗಡಿಗೆ ಹೆಂಗಸೊಬ್ಬಳು ಮಗಳ ಯೂನಿಫಾರಂ ಹೊಲಿಸಲು ಬಂದಿದ್ದಳು. ನಾನು ಹುಡುಗಿಯ ಭುಜದ ಅಳತೆ ತೆಗೆಯುತ್ತಿದ್ದಾಗ ಅವಳು ಬೇಡದ ಮಾತು ತೆಗೆದಳು. "ಆಸ್ಪತ್ರೆ ಮುಂದೆ ಮೀನಿನ ಕೊಳ ಇದ್ಯಲ್ಲ, ಅದನ್ನ ಕಟ್ಟಿದೋನೇ ಹೊಟ್ಟೆಕಿಚ್ಚಿಗೆ ಹಾಳು ಮಾಡೋಕೆ ಹೋಗಿದ್ನಂತೆ. ಉದ್ಘಾಟನೆ ದಿನವೇ ನೀರೆಲ್ಲ ಬಿಟ್ಟುಬಿಟ್ನಂತೆ, ಮೀನೆಲ್ಲ ಸತ್ತುಹೋದ್ವಂತೆ. ಎಂಥೆಂಥಾ ಜನ ಇರ್ತಾರೆ ನೋಡಿ!" ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು, "ಯೂನಿಫಾರಂ ಬೇರೆ ಕಡೆ ಹೊಲಿಸ್ಕೊಳ್ಳಿ" ಎಂದೆ. ಅವಳು ಗೊಣಗುತ್ತಾ ಮಗಳ ಕೈ ಹಿಡಿದುಕೊಂಡು ಹೋದಳು. ಹೋಗಲಿ. ಈ ಆರು ತಿಂಗಳಲ್ಲಿ ನಾನು ಹೀಗೆ ಕಳಿಸಿದ ಗಿರಾಕಿಗಳಲ್ಲಿ ಅವಳು ನಾಲ್ಕನೆಯವಳು.

ಆ ಕೊಳ ಕಟ್ಟಿದವನು ನನ್ನ ಸ್ವಂತ ಅಣ್ಣ. ಒಂದು ಮೀನೂ ಸತ್ತಿಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಯಾರು ಬುದ್ಧಿ ಹೇಳುವುದು? ಅವನಂತೂ ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತೇನೆ, ಮೊದಲಿನಿಂದ.

ಅಣ್ಣ ಗಾರೆ ಕೆಲಸದವನು. ಆದರೆ ಮನೆ ಕಟ್ಟುವುದಿಲ್ಲ, ಗೋಡೆ ಎಬ್ಬಿಸುವುದಿಲ್ಲ. ಮೂವತ್ತೈದು ವರ್ಷದಿಂದ ಅವನು ಕಟ್ಟಿದ್ದು ಬರೀ ನೀರಿನ ತೊಟ್ಟಿ. ನೆಲದೊಳಗಿನದು, ಮಾಳಿಗೆ ಮೇಲಿನದು, ಶಾಲೆಯದು, ಕಾರ್ಖಾನೆಯದು. ಇಡೀ ಊರಿಗೆ ಅವನು ತೊಟ್ಟಿಯಣ್ಣ. ಬೆಳಿಗ್ಗೆ ತೊಟ್ಟಿಯೊಳಗೆ ಇಳಿದರೆ ಸಂಜೆ ಹುಬ್ಬು, ರೆಪ್ಪೆ, ಕಿವಿಯೆಲ್ಲ ಬೂದು ಮಾಡಿಕೊಂಡು ಹತ್ತುತ್ತಿದ್ದ. ಅವನ ಕೆಲಸವನ್ನು ಯಾರೂ ನೋಡುವುದಿಲ್ಲ. ಮುಚ್ಚಳ ಮುಚ್ಚಿದ ಮೇಲೆ ಒಳಗೆ ಕತ್ತಲು, ನೀರು, ಅಷ್ಟೇ. ಮಾತೂ ಹಾಗೆಯೇ, ಒಳಗೇ ಇರುತ್ತಿತ್ತು. "ನಿಮ್ಮಣ್ಣನ ಜೊತೆ ಜಗಳ ಆಡ್ಬೇಕು ಅಂದ್ರೆ ಎರಡೂ ಕಡೆ ನಾನೇ ಮಾತಾಡ್ಬೇಕು ಕಣೇ" ಎಂದು ಅತ್ತಿಗೆ ನನ್ನ ಹತ್ತಿರ ದೂರು ಹೇಳುತ್ತಿದ್ದಳು. ಇಬ್ಬರ ಪಾಲಿನ ಬಾಯಿಯೂ ನನಗೇ ಬಂದಿದೆ ಎಂದು ನಮ್ಮಪ್ಪ ಹೇಳುತ್ತಿದ್ದುದು ಸುಳ್ಳಲ್ಲ.

ಅಣ್ಣ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ. ಮನೆಯಲ್ಲಿ ಒಬ್ಬರು ಓದಬಹುದಿತ್ತು, ಓದಿದವಳು ನಾನು. ಅವನಿಗೆ ಸಹಿ ಬರುವುದಿಲ್ಲ. ಆದರೆ ತೊಟ್ಟಿಯ ಕೊನೆಯ ಗಿಲಾವು ಮುಗಿಸಿ ಮೇಲೆ ಹತ್ತುವ ಮುಂಚೆ, ಬಾಯಿಯ ಒಳಗಡೆ ಹಸಿ ಸಿಮೆಂಟಿನಲ್ಲಿ ಬಲಗೈ ಹೆಬ್ಬೆಟ್ಟನ್ನು ಒಮ್ಮೆ ಒತ್ತುತ್ತಿದ್ದ. "ಸೋರಿದ್ರೆ ಇದನ್ನ ತೋರ್ಸಿ. ನಾನೇ ಬಂದು ಸರಿ ಮಾಡ್ಕೊಡ್ತೀನಿ" ಎನ್ನುತ್ತಿದ್ದ. ಮೂವತ್ತೈದು ವರ್ಷದಲ್ಲಿ ಯಾರೂ ಆ ಗುರುತು ಹಿಡಿದುಕೊಂಡು ಮನೆ ಬಾಗಿಲಿಗೆ ಬಂದಿಲ್ಲ. ಅವನಿಗೆ ಇದ್ದ ಆಸ್ತಿ ಅದೊಂದೇ.

ಹೋದ ವರ್ಷ ಆಸ್ಪತ್ರೆಯ ದೊಡ್ಡ ಡಾಕ್ಟರು ಅವನನ್ನು ಕರೆಸಿದರು. ಮುಂದಿನ ಅಂಗಳದಲ್ಲಿ ಒಂದು ದೊಡ್ಡ ಮೀನಿನ ಕೊಳ ಆಗಬೇಕು. ಹದಿನೆಂಟು ಅಡಿ ಉದ್ದ, ಹತ್ತು ಅಡಿ ಅಗಲ, ಐದಡಿ ಆಳ. ಬಹುಪಾಲು ನೆಲದ ಮೇಲೆ. ಮುಂದಿನ ಗೋಡೆಯಲ್ಲಿ ಆರಡಿ ಉದ್ದದ ಗಾಜಿನ ಕಿಟಕಿ. ಚುಚ್ಚುಮದ್ದಿಗೆ ಹೆದರಿ ಅಳುವ ಮಕ್ಕಳು ಅದರ ಮುಂದೆ ಕೂತು ಮೀನು ನೋಡಬೇಕು. ಅಣ್ಣ ಅಂದು ಮನೆಗೆ ಬಂದವನು ಕೈಕಾಲು ಸಹ ತೊಳೆಯದೆ, "ಪುಟ್ಟಿ, ತೊಟ್ಟಿ ಒಳಗೆ ಜನ ನೋಡ್ತಾರಂತೆ" ಎಂದ. ನನಗೆ ಐವತ್ತು ದಾಟಿದೆ, ಅವನಿಗೆ ನಾನಿನ್ನೂ ಪುಟ್ಟಿ. ಅವನ ಮುಖ ಹಾಗೆ ಅರಳಿದ್ದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. ಅತ್ತಿಗೆಗೆ ಇದನ್ನು ಹೇಳಬೇಡಿ.

ಅವನು ಹಿಂದೆಂದೂ ಗಾಜು ಕೂರಿಸಿದವನಲ್ಲ. ಯಾರನ್ನು ಕೇಳಿದನೋ, ಏನು ಯೋಚಿಸಿದನೋ, ಒಂದು ವಾರದಲ್ಲಿ ಹಿತ್ತಲಿನಲ್ಲಿ ಮೊಣಕಾಲೆತ್ತರದ ಎರಡು ಸಣ್ಣ ತೊಟ್ಟಿ ಕಟ್ಟಿದ. ಎರಡಕ್ಕೂ ಒಂದೊಂದು ಕಿಂಡಿ. ಒಂದು ಭಾನುವಾರ ನಾನು ಅಂಗಡಿ ಬಾಗಿಲು ತೆಗೆದರೆ ನನ್ನ ಶೋಕೇಸಿನ ಎರಡು ಗಾಜು ಮಾಯ! ನೂಲಿನ ಉಂಡೆ, ಗುಂಡಿ, ಲೇಸು ಎಲ್ಲ ಗಾಳಿಗೆ ಬಿದ್ದಿವೆ. ಕಳ್ಳ ಬಂದನೆಂದು ಬೊಬ್ಬೆ ಹಾಕಿಕೊಂಡು ಅಣ್ಣನ ಮನೆಗೆ ಓಡಿದೆ. ಕಳ್ಳ ಹಿತ್ತಲಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು ತೊಟ್ಟಿಗೆ ನೀರು ತುಂಬಿಸುತ್ತಿದ್ದ.

"ಬೈಬೇಡ, ಬಾ ನೋಡು" ಎಂದ. ಒಂದು ತೊಟ್ಟಿಯಲ್ಲಿ ಗಾಜನ್ನು ಹೊರಗಿನಿಂದ ಅಂಟಿಸಿದ್ದ, ಮನೆ ಕಿಟಕಿಗೆ ಹಾಕುವ ಹಾಗೆ. ಇನ್ನೊಂದರಲ್ಲಿ ಒಳಗಿನಿಂದ, ನೀರಿನ ಕಡೆಯಿಂದ, ಕಿಂಡಿಯ ಸುತ್ತ ಬಿಟ್ಟ ಅಂಚಿಗೆ ಒರಗಿಸಿ ಕೂರಿಸಿದ್ದ. "ಇದ್ರಲ್ಲಿ ನೀರೇ ಗಾಜನ್ನ ಗೋಡೆಗೆ ಒತ್ತಿ ಹಿಡ್ಕೊಂಡಿರುತ್ತೆ. ಜಾಸ್ತಿ ನೀರು ಬಂದಷ್ಟೂ ಜಾಸ್ತಿ ಬಿಗಿ. ಅದ್ರಲ್ಲಿ ನೀರು ಆಚೆ ತಳ್ಳುತ್ತೆ." ನಾನು ಬೈಯಲು ಬಾಯಿ ತೆರೆದು ಆ ಹೊರಗಿನ ಗಾಜಿನ ಮುಂದೆಯೇ ನಿಂತಿದ್ದೆ. ಕಂಠಮಟ್ಟ ನೀರು ಬಂದದ್ದೇ ತಡ, ಟಪ್ ಎಂದು ಗಾಜು ಕಿತ್ತುಕೊಂಡು ಬಂತು. ಮೊಣಕಾಲಿನಿಂದ ಕೆಳಗೆ ನಾನು ತೊಯ್ದು ತೊಪ್ಪೆ. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ನಗು ತಡೆಯಲಾರದೆ ಅಲ್ಲೇ ಕೂತುಬಿಟ್ಟಳು. ಅಣ್ಣ ಮಾತ್ರ ಗಂಭೀರವಾಗಿ, "ಗೊತ್ತಾಯ್ತಲ್ಲ?" ಎಂದ. ಗೊತ್ತಾಗದೆ ಏನು! ಬಟ್ಟೆ ಹೊಲಿಯುವ ನನಗೆ ಒಂದೇ ಸಲಕ್ಕೆ ಗೊತ್ತಾಯಿತು.

ಕೊಳದ ಕೆಲಸ ನಾಲ್ಕು ತಿಂಗಳು ನಡೆಯಿತು. ನಾನು ಆಸ್ಪತ್ರೆಯ ಪರದೆಗಳನ್ನು ಹೊಲಿಯುತ್ತಿದ್ದುದರಿಂದ ಹೋಗಿ ಬಂದು ನೋಡುತ್ತಿದ್ದೆ. ಗೋಡೆಗೆ ಒದ್ದೆ ಗೋಣಿಚೀಲ ಹೊದಿಸಿ, ಅದು ಒಣಗದ ಹಾಗೆ ದಿನಕ್ಕೆ ನಾಲ್ಕು ಸಲ ನೀರು ಹಾಕುತ್ತಿದ್ದ. ಹೊಸ ಸಿಮೆಂಟಿನ ಖಾರಕ್ಕೆ ಮೀನು ಬದುಕುವುದಿಲ್ಲವೆಂದು ಕಿಟಕಿಯ ಕೆಳಗಿನವರೆಗೆ ನೀರು ತುಂಬಿಸಿ, ವಾರ ಬಿಟ್ಟು ಖಾಲಿ ಮಾಡಿ, ಮತ್ತೆ ತುಂಬಿಸಿ, ಹೀಗೆ ಐದಾರು ಸಲ ಮಾಡಿದ. ಖಾಲಿ ಮಾಡಲು ತಳದಲ್ಲಿ ದಪ್ಪ ಪೈಪು, ಪಕ್ಕದ ಗುಂಡಿಯಲ್ಲಿ ತಿರುಗಿಸುವ ವಾಲ್ವು. ಕಿಟಕಿ ಎಷ್ಟು ಎತ್ತರದಲ್ಲಿರಬೇಕು ಎಂದು ತಿಳಿಯಲು ಕಾಯುತ್ತಾ ಕೂತ ಮಕ್ಕಳ ಕಣ್ಣಿನ ಮಟ್ಟವನ್ನು ಮೊದಲೇ ದಾರದಲ್ಲಿ ಅಳೆದಿದ್ದ. ಬಾಯಿಯ ಒಳಗಡೆ ಎಂದಿನಂತೆ ಹೆಬ್ಬೆಟ್ಟು ಒತ್ತಿದ್ದ. ಉಳಿದದ್ದು ಗಾಜು.

ಆಗ ಬಂದರು ಅಳಿಯಂದಿರು. ದೊಡ್ಡ ಡಾಕ್ಟರ ಮಗಳ ಗಂಡ. ಹೊರಗೆಲ್ಲೋ ಕಟ್ಟಡದ ಅಲಂಕಾರ ಓದಿ ಬಂದಿದ್ದಾನಂತೆ. ಶೂಗೆ ಮಣ್ಣು ಹತ್ತಬಾರದೆಂದು ಹಲಗೆ ಮೇಲೆ ನಡೆಯುವ ಜಾತಿ. ಮಿರಮಿರ ಮಿಂಚುವ ಉಕ್ಕಿನ ಚೌಕಟ್ಟೊಂದನ್ನು ಮಾಡಿಸಿ ತಂದಿದ್ದ.

"ಈ ಅಂಚು ಬೇಡ. ಗಾಜು ಹೊರಗಡೆ ಬರುತ್ತೆ, ಫ್ರೇಮು ಎದ್ದು ಕಾಣ್ಬೇಕು" ಎಂದ.

"ಸಾರ್, ಗಾಜು ನೀರಿನ ಕಡೆಯಿಂದ ಕೂರ್ಬೇಕು" ಎಂದು ಅಣ್ಣ ಹಿತ್ತಲಿನಲ್ಲಿ ನನಗೆ ಹೇಳಿದ್ದನ್ನೇ ಹೇಳಿದ.

"ಹನ್ನೆರಡು ಬೋಲ್ಟ್ ಇದೆ ಕಣಯ್ಯ. ಆನೆ ಒದ್ರೂ ಅಲ್ಲಾಡಲ್ಲ."

"ಆನೆ ಒಂದ್ಸಲ ಒದ್ದು ಹೋಗುತ್ತೆ ಸಾರ್. ನೀರು ಹಗಲೂ ರಾತ್ರಿ ಒದೀತಾನೇ ಇರುತ್ತೆ."

ಅಳಿಯನ ಮುಖ ಕೆಂಪಾಯಿತು. ಅವನು ಜೊತೆಗೆ ಬಂದಿದ್ದ ಡಾಕ್ಟರ ಕಡೆ ತಿರುಗಿದ. "ಏನ್ ಮಾವ ಇದು? ಹೆಬ್ಬೆಟ್ಟು ಒತ್ತೋನ ಹತ್ರ ನಾನು ಪಾಠ ಹೇಳಿಸ್ಕೋಬೇಕಾ?"

ಡಾಕ್ಟರು ಒಳ್ಳೆಯವರೇ. ಆದರೆ ಅಳಿಯನ ಮುಂದೆ ಅವರ ಬೆನ್ನುಮೂಳೆ ರಜಾ ಹಾಕಿ ಹೋಗುತ್ತಿತ್ತು. ಕೈಗಡಿಯಾರ ನೋಡಿಕೊಂಡು, "ಹೋಗ್ಲಿ ಬಿಡಿ ಮೇಸ್ತ್ರಿ, ಅವ್ರು ಓದಿದೋರು" ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ವರಾಂಡದಲ್ಲಿ ಪರದೆಯ ಅಳತೆ ಹಿಡಿದಿದ್ದವಳು ಮೆಟ್ಟಿಲು ಇಳಿದು ಬಂದೆ. "ನಾನೂ ಓದಿದೋಳೇ ಡಾಕ್ಟ್ರೇ, ನಮ್ಮಣ್ಣ ಬಿಟ್ಟ ಸ್ಕೂಲಲ್ಲೇ ಓದಿದ್ದು. ನನ್ನ ಮಾತಾದ್ರೂ ಕೇಳಿ. ಆ ಗಾಜು ನಿಲ್ಲಲ್ಲ. ನಿಮ್ಮಳಿಯಂದ್ರಿಗೆ ಅಷ್ಟು ಧೈರ್ಯ ಇದ್ರೆ ಮೊದಲ್ನೇ ದಿನ ಅವರೇ ಅದ್ರ ಮುಂದೆ ಕೂರ್ಲಿ!" ಪರದೆ ಕೆಲಸ ಅಲ್ಲಿಗೆ ಮುಗಿಯಿತೆಂದು ಬೇರೆ ಹೇಳಬೇಕಿಲ್ಲ.

"ಪುಟ್ಟಿ, ಸುಮ್ನಿರು" ಎಂದ ಅಣ್ಣ. ಚೀಲದಿಂದ ಉಳಿ, ಸುತ್ತಿಗೆ ತೆಗೆದು ಕೊಳದ ಬಾಯಿಗೆ ಹೋಗಿ, ಮೂರು ಏಟು ಹಾಕಿ, ತನ್ನ ಹೆಬ್ಬೆಟ್ಟಿನ ಗುರುತನ್ನು ಕೆತ್ತಿ ತೆಗೆದ. ಉದುರಿದ ಚೂರುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡ. "ಇನ್ನು ಇದಕ್ಕೆ ನಾನು ಜವಾಬ್ದಾರ ಅಲ್ಲ ಸಾರ್" ಎಂದು ಡಾಕ್ಟರಿಗೆ ಹೇಳಿ ಗೇಟು ದಾಟಿದ. ದಾರಿಯುದ್ದಕ್ಕೂ ನಾನು ಅವನನ್ನೇ ಬೈದೆ. ಮಾತು ಬೆಳ್ಳಿ ಮೌನ ಬಂಗಾರ ಎಂದು ಹೇಳಿದವನು ಯಾವನೋ ಬಾಯಿ ಸತ್ತವನೇ ಇರಬೇಕು.

ಅಳಿಯ ಬೇರೆಯವರಿಂದ ಅಂಚು ಒಡೆಸಿ, ಗಾಜನ್ನು ಹೊರಗಿನಿಂದಲೇ ಕೂರಿಸಿದ. ಇಪ್ಪತ್ತು ದಿನ ಕಳೆದು ಉದ್ಘಾಟನೆ. ಗಾಜು ಕೂರಿಸಿ, ತುಂಬ ನೀರು ಬಿಟ್ಟು, ಏಳು ದಿನ ಯಾರನ್ನೂ ಹತ್ತಿರ ಬಿಡದೆ ಕಾಯಬೇಕೆಂಬುದು ಅಣ್ಣನ ಲೆಕ್ಕ. ಇವರು ಅಂದು ಬೆಳಿಗ್ಗೆ ನೀರು ತುಂಬಿಸಿ, ಹತ್ತು ಗಂಟೆಗೆ ಮೀನು ಬಿಟ್ಟು, ಹನ್ನೊಂದಕ್ಕೆ ಜನ ಸೇರಿಸಿದರು. ಅಣ್ಣನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ನನಗೂ ಅಷ್ಟೇ. ಗೇಟಿನ ಪಕ್ಕ ನಿಂತೆವು. ಹಿರಿಯರಿಗೆ ಹಿಂದೆ ಕುರ್ಚಿ. ಪಕ್ಕದ ಶಾಲೆಯಿಂದ ಕರೆತಂದಿದ್ದ ಮೂವತ್ತು ಮಕ್ಕಳು ಮುಂದೆ, ಗಾಜಿನಿಂದ ನಾಲ್ಕಡಿ ದೂರದಲ್ಲಿ, ಚಾಪೆ ಮೇಲೆ. ಕೆಂಪು ಮೀನು ಬಂದರೆ ಓ ಎನ್ನುವುದು, ಕಪ್ಪು ಮೀನು ಬಂದರೆ ಓ ಎನ್ನುವುದು. ಅಳಿಯ ಮೈಕು ಹಿಡಿದು ಫ್ರೇಮಿನ ಬಗ್ಗೆ ಮಾತಾಡುತ್ತಿದ್ದ.

ಅಣ್ಣನ ಕಣ್ಣು ಮೀನಿನ ಮೇಲಿರಲಿಲ್ಲ. "ಎಡಗಡೆ ಕೆಳಗಿನ ಮೂಲೆ ನೋಡು" ಎಂದ. ಒಂದು ಹನಿ. ಅಳಿಯನೂ ಅದನ್ನು ನೋಡಿದ. ಮಾತಾಡುತ್ತಲೇ ಬಗ್ಗಿ ಕರವಸ್ತ್ರದಲ್ಲಿ ಒರೆಸಿದ. ಮತ್ತೆ ಬಂತು, ಮತ್ತೆ ಒರೆಸಿದ. ಮೂರನೇ ಸಲ ಅದು ಹನಿಯಾಗಿರಲಿಲ್ಲ, ನೂಲಿನೆಳೆಯ ಹಾಗೆ ಇಳಿಯುತ್ತಿತ್ತು. ಅದನ್ನೂ ಒರೆಸಿ ಕರವಸ್ತ್ರ ಜೇಬಿಗೆ ಹಾಕಿಕೊಂಡನಲ್ಲ, ಆ ಕೈಗೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿಯುತ್ತಿಲ್ಲ. ಎದುರಿಗೆ ಮೂವತ್ತು ಮಕ್ಕಳು!

ಅಣ್ಣ ನೇರ ಮುಂದೆ ಹೋದ. ಚೌಕಟ್ಟಿನ ಮೂಲೆಗೆ ಹೆಬ್ಬೆರಳು ಇಟ್ಟು ನೋಡಿದ. ಆಮೇಲೆ ಮಕ್ಕಳ ಟೀಚರಮ್ಮನಿಗೆ, "ಮಕ್ಕಳನ್ನ ಎಬ್ಬಿಸಿ ಅಮ್ಮಾ, ಗಾಜು ಸರೀತಿದೆ" ಎಂದ. ಆಕೆ ಅಳಿಯನ ಮುಖ ನೋಡಿದಳು. ಅಳಿಯ ಮೈಕಿನಲ್ಲೇ ನಕ್ಕು, "ನಮ್ಮ ಹಳೇ ಮೇಸ್ತ್ರಿಗಳು, ಸ್ವಲ್ಪ ಮುನಿಸ್ಕೊಂಡಿದಾರೆ" ಎಂದ. ಕುರ್ಚಿಯವರೆಲ್ಲ ನಕ್ಕರು. ಡಾಕ್ಟರೂ ನಕ್ಕರು. "ಏಳ್ರೋ ಮಕ್ಳಾ, ಏಳಿ!" ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಕೂಗುವ ಹೆಂಗಸನ್ನು ಕಂಡು ಮಕ್ಕಳಿಗೆ ಇನ್ನೂ ಖುಷಿಯಾಯಿತು, ಒಂದೂ ಏಳಲಿಲ್ಲ.

ಅಣ್ಣ ಪಕ್ಕದ ಗುಂಡಿಯ ಮುಚ್ಚಳ ಎತ್ತಿ ವಾಲ್ವನ್ನು ಪೂರ್ತಿ ತಿರುಗಿಸಿದ. ಓಡಿ ಬಂದು ಗಾಜಿನ ಚೌಕಟ್ಟಿಗೆ ಬೆನ್ನು ಕೊಟ್ಟು, ಎರಡೂ ಕಾಲು ಊರಿ ನಿಂತ. ಐದಡಿ ನೀರಿಗೆ ಮನುಷ್ಯನ ಬೆನ್ನು ಯಾವ ಲೆಕ್ಕ? ಅವನಿಗೆ ಗೊತ್ತಿರಲಿಲ್ಲವೇ? ಆದರೂ ನಿಂತ. ಅಳಿಯ ಅವನ ಕೊರಳಪಟ್ಟಿ ಹಿಡಿದು ಎಳೆದ. ನಾನು ಅಳಿಯನ ಕೋಟು ಹಿಡಿದು ಎಳೆದೆ, ಹೊಲಿಗೆ ಕಿತ್ತುಹೋಯಿತು, ಅದರ ಬಗ್ಗೆ ನನಗೆ ಒಂಚೂರೂ ಬೇಜಾರಿಲ್ಲ. ಪೈಪಿನಿಂದ ಭೋರೆಂದು ಬಂದ ನೀರು ಅಂಗಳವೆಲ್ಲ ಹರಿಯಿತು. ಚಾಪೆ ತೊಯ್ದು ಚಡ್ಡಿ ಒದ್ದೆಯಾದ ಮೇಲೆ ಮಕ್ಕಳು ಕಿರುಚುತ್ತಾ ಎದ್ದವು. ನೀರು ಗಾಜಿನಿಂದ ಕೆಳಗಿಳಿಯಲು ಕಾಲು ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಅವನು ಕದಲಲಿಲ್ಲ. ಆಮೇಲೆ ಹೋಗಿ ತಾನೇ ವಾಲ್ವು ಮುಚ್ಚಿದ. ತಳದಲ್ಲಿ ಎರಡಡಿ ನೀರು ಉಳಿದಿತ್ತು, ಮೀನುಗಳು ಅದರಲ್ಲಿ ಗಾಬರಿಯಿಂದ ಸುತ್ತುತ್ತಿದ್ದವು. ಸಾಯಲಿಲ್ಲ.

ಗಾಜು ಒಡೆಯಲಿಲ್ಲ. ತಪ್ಪಾಗಿದ್ದು ಅಲ್ಲಿಯೇ! ಒಡೆದಿದ್ದರೆ ಊರಿಗೇ ಗೊತ್ತಾಗುತ್ತಿತ್ತು. ಒಡೆಯದಂತೆ ತಡೆದದ್ದಕ್ಕೆ ಅದು ಒಡೆಯುವುದೇ ಇರಲಿಲ್ಲ ಎಂದಾಯಿತು. "ಹೊಟ್ಟೆಕಿಚ್ಚಿಗೆ ನೀರು ಬಿಟ್ಟ" ಎಂದ ಅಳಿಯ. ಸಾಕ್ಷಿಗೆ ಕೊಳದ ಬಾಯಿಯಲ್ಲಿ ಕೆತ್ತಿ ತೆಗೆದ ಗುರುತನ್ನು ಎಲ್ಲರಿಗೂ ತೋರಿಸಿದ. "ನೋಡಿ, ಮೊದಲೇ ಉಳಿ ಹಾಕಿ ಒಡೆಯೋಕೆ ನೋಡಿದಾನೆ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಜವಾಬ್ದಾರ ಅಲ್ಲ ಎಂದು ಅಣ್ಣ ಹೇಳಿದ್ದು ಡಾಕ್ಟರ ಕಿವಿಗೆ ಬಿದ್ದಿತ್ತು. ಅವರು ಅಂದೂ ಗಡಿಯಾರ ನೋಡಿಕೊಂಡರು.

ಆಮೇಲೆ ತೊಟ್ಟಿಯಣ್ಣನನ್ನು ಯಾರೂ ಕರೆಯಲಿಲ್ಲ. ಅವನು ಹಿತ್ತಲಿನಲ್ಲಿ ಕೂತು ಗಾರೆ ಬಳಿಯುವ ಕರಣೆ ಉಜ್ಜುವುದು, ಇಡುವುದು, ಮತ್ತೆ ತೆಗೆದು ಉಜ್ಜುವುದು. ನನಗೆ ತಡೆಯಲಾಗಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ. "ಮಕ್ಕಳು ಎದ್ದ ಮೇಲಾದ್ರೂ ವಾಲ್ವ್ ಮುಚ್ಚಿ ಒಡೆಯೋಕೆ ಬಿಡ್ಬೇಕಿತ್ತು ಕಣೋ ಅಣ್ಣಾ! ನಿನ್ನ ಮಾನ ಉಳೀತಿತ್ತು!"

ಅವನು ನನ್ನನ್ನು ಯಾವುದೋ ಬೇರೆ ಊರಿನವಳು ಎಂಬಂತೆ ನೋಡಿದ. "ಕಟ್ಟಿದ್ದನ್ನ ಒಡೆಯೋಕೆ ಬಿಡ್ತಾರಾ ಯಾರಾದ್ರೂ?" ಎಂದ.

ಎರಡು ತಿಂಗಳ ಮೇಲೆ ಇನ್ನೊಂದು ನಡೆಯಿತು. ನಾನು ಅಣ್ಣನ ಮನೆಗೆ ಹೋದಾಗ ಹಿತ್ತಲೆಲ್ಲ ಒದ್ದೆ. ಹಿಂದೆ ಅಣ್ಣನ ಜೊತೆ ಹತ್ತು ವರ್ಷ ದುಡಿದ ಗಿಡ್ಡ ಮೇಸ್ತ್ರಿ, ಈಗ ಅವನಿಗೂ ನರೆ ಬಂದಿದೆ, ನನ್ನನ್ನು ಕಂಡವನೇ ಹಿಂದಿನ ಗೇಟಿನಿಂದ ಜಾರಿಕೊಂಡ. ಆ ಸಣ್ಣ ತೊಟ್ಟಿಯಲ್ಲಿ ನನ್ನ ಶೋಕೇಸಿನ ಗಾಜು, ತುಂಬ ನೀರು. ಅತ್ತಿಗೆ ಬಾಯಿ ಬಿಟ್ಟಳು. ಡಾಕ್ಟರು ಸದ್ದಿಲ್ಲದೆ ಆ ಉಕ್ಕಿನ ಚೌಕಟ್ಟು ತೆಗೆಸಿ, ಅಂಚು ಕಟ್ಟಿಸಿ, ಗಾಜನ್ನು ಒಳಗಿನಿಂದ ಕೂರಿಸಲು ಗಿಡ್ಡನಿಗೆ ಹೇಳಿದ್ದರು. ಗಿಡ್ಡನಿಗೆ ಗಾಜಿನ ಕೆಲಸ ಬಾರದು. ನಾಲ್ಕು ದಿನದಿಂದ ಇಲ್ಲಿಗೆ ಬಂದು ಕಲಿಯುತ್ತಿದ್ದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು, ನೋಡಿ!

"ಕಲಿಸ್ದೆಯಾ?" ಎಂದು ಕಿರುಚಿದೆ. "ಡಾಕ್ಟ್ರು ಬಂದು ತಪ್ಪಾಯ್ತು ಅನ್ನೋವರೆಗೆ ಕಲಿಸಲ್ಲ ಅಂತ ಒಂದು ಮಾತು ಹೇಳೋಕಾಗಲಿಲ್ವಾ?"

"ಅವ್ರು ತಪ್ಪಾಯ್ತು ಅನ್ನೋ ಹೊತ್ತಿಗೆ ಇವ್ನು ಹೇಗೋ ಕೂರಿಸಿ ನೀರು ಬಿಟ್ಟಿರ್ತಿದ್ದ" ಎಂದ. ಆಮೇಲೆ, "ನಿನ್ನ ಗಾಜು ವಾಪಸ್ ಕೊಡ್ತೀನಿ" ಎಂದ. ನಾನು ಅಂದು ಅವನ ಮನೆಯಲ್ಲಿ ನೀರು ಸಹ ಕುಡಿಯದೆ ಬಂದೆ.

ಹೋದ ವಾರ ನನ್ನ ಮಂಡಿ ನೋವು ತೋರಿಸಲು ಅಣ್ಣನೇ ಆಸ್ಪತ್ರೆಗೆ ಕರೆದುಕೊಂಡು ಹೋದ. ನನ್ನ ಮಂಡಿಯ ಮೇಲೆ ಅವನಿಗೆ ಇದ್ದಕ್ಕಿದ್ದ ಹಾಗೆ ಅಷ್ಟು ಕಾಳಜಿ ಯಾಕೆ ಬಂತೆಂದು ನನಗೆ ಗೊತ್ತು. ಕೊಳ ತುಂಬಿತ್ತು. ಪಕ್ಕದ ಫಲಕದಲ್ಲಿ ಅಳಿಯನ ಹೆಸರು. ಹೆಬ್ಬೆಟ್ಟಿದ್ದ ಜಾಗಕ್ಕೆ ಯಾರೋ ಸಿಮೆಂಟು ಮೆತ್ತಿದ್ದರು. ಅಣ್ಣ ಗಾಜಿನ ಮುಂದೆ ಕೂತ. ಅವನು ಕಟ್ಟಿದ ನೂರಾರು ತೊಟ್ಟಿಗಳಲ್ಲಿ ತುಂಬಿದ ಮೇಲೆ ಒಳಗೇನಿದೆ ಎಂದು ಅವನು ನೆಮ್ಮದಿಯಾಗಿ ನೋಡಿದ್ದು ಅದೊಂದನ್ನೇ.

ಮೂರು ವರ್ಷದ ಮಗುವೊಂದು, ತೋಳಿಗೆ ಹತ್ತಿ ಅಂಟಿಸಿಕೊಂಡು, ಅಳುತ್ತಾ ಅತ್ತ ಓಡಿ ಬಂತು. ಅದರ ತಾಯಿ ಧಾವಿಸಿ ಬಂದು ಹಿಂದಕ್ಕೆ ಎಳೆದುಕೊಂಡಳು. "ಹತ್ರ ಹೋಗ್ಬೇಡ! ಅದು ತೊಟ್ಟಿಯಣ್ಣ ಕಟ್ಟಿದ್ದು, ಯಾವಾಗ ಒಡೆಯುತ್ತೋ ಏನೋ."

ನಾನು ಬಾಯಿ ತೆರೆದೆ. ಅಣ್ಣ ನನ್ನ ಮುಂಗೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದ. ಇನ್ನೊಂದು ಕೈಯ ಹೆಬ್ಬೆರಳನ್ನು ಎಡಗಡೆಯ ಕೆಳಮೂಲೆಯಲ್ಲಿ, ಅಂದು ಹನಿ ಬಂದ ಜಾಗದಲ್ಲಿ, ಒತ್ತಿ ಎಳೆದ. ಆ ಹೆಬ್ಬೆರಳನ್ನು ಅವಳ ಮುಂದೆ ಹಿಡಿದ.

"ನೋಡಮ್ಮ, ಒಂದು ಹನಿ ಇಲ್ಲ. ಕೂರ್ಲಿ ಬಿಡು ಮಗು."

ಸಿಮೆಂಟು ತಿಂದು ಸವೆದ ಆ ಒಣ ಬೆರಳನ್ನು ಅವಳು ನೋಡಿದಳು. ಯಾರದೆಂದು ಕೇಳಲಿಲ್ಲ. ಮಗುವಿನ ಕೈ ಬಿಟ್ಟಳು. ಅದು ಹೋಗಿ ಗಾಜಿಗೆ ಮೂಗು ಒತ್ತಿತು, ಒಂದು ಕೆಂಪು ಮೀನು ಬಂತು, ಅಳು ನಿಂತಿತು. ಅಣ್ಣ ನನ್ನ ಕಡೆ ತಿರುಗಿ ನಕ್ಕ. ನಾನು ಸಿಟ್ಟಿನಿಂದ ಅಲ್ಲೇ ಗಳಗಳನೆ ಅತ್ತೆ. ಮಂಡಿ ತುಂಬಾ ನೋಯ್ತಿದೆಯಾ ಎಂದು ಕೇಳಿದ.